ಹೂಂ ಅನ್ನಿಸುವ ದನಿ

ಸಾಹೇಬರ ದನಿಯನ್ನು ಮೊದಲ ಸಲ ಕೇಳಿದವರು ಅವರು ಸಿಟ್ಟಾಗಿದ್ದಾರೆಂದೇ ತಿಳಿಯುತ್ತಿದ್ದರು. ಅರ್ಧ ಸಲ ಅದು ನಿಜವೂ ಆಗಿರುತ್ತಿತ್ತು. ಉಳಿದರ್ಧ ಸಲ ಅವರು ಚಹಾ ಕೇಳುತ್ತಿದ್ದರು, ಅಷ್ಟೇ. ಸೊಲ್ಲಾಪುರದಲ್ಲಿ ಅಕ್ಕಲಕೋಟ ರಸ್ತೆಯ ಮೇಲಿನ ಅವರ ಮನೆಯಲ್ಲಿ ಅವರು ಫೋನೆತ್ತಿ ಮಾತಾಡಿದರೆ ಕೆಳಗಿನ ಕಿರಾಣಿ ಅಂಗಡಿಯವನು ಕತ್ತೆತ್ತಿ ಮೇಲೆ ನೋಡುತ್ತಿದ್ದನಂತೆ. ಆ ದನಿ ಈ ಶ್ರಾವಣದಲ್ಲಿ ನಿಂತಿತು. ವಿಮಾನ ನಿಲ್ದಾಣದ ಟವರಿನೊಳಗೆ ನಾವು ಫೋನು ಒಯ್ಯುವಂತಿಲ್ಲ. ಹಾಗಾಗಿ ಸುದ್ದಿ ಬಂದು ಅರ್ಧ ದಿನ ನನ್ನ ಚೀಲದಲ್ಲೇ ಬಿದ್ದಿತ್ತು. ಡ್ಯೂಟಿ ಮುಗಿಸಿ ಕೆಳಗಿಳಿದು ನೋಡಿದರೆ ಮರಾಠಿಯಲ್ಲಿ ನಾಲ್ಕು ಸಾಲು, ಜೊತೆಗೆ ಕೈಮುಗಿದ ಚಿತ್ರ. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇಂಥ ಮನುಷ್ಯ ಇಷ್ಟು ಸದ್ದಿಲ್ಲದೆ ಹೋಗುವುದೆಂದರೇನು!

ನಮ್ಮದು ವಿಮಾನಗಳಿಗೆ ದಾರಿ ಹೇಳುವ ಕೆಲಸ. ರನ್‌ವೇ ಪಕ್ಕದ ಎತ್ತರದ ಗಾಜಿನ ಕೋಣೆಯಲ್ಲಿ ಕೂತು, ಯಾವುದು ಇಳಿಯಬೇಕು, ಯಾವುದು ಕಾಯಬೇಕು ಎಂದು ರೇಡಿಯೋದಲ್ಲಿ ಹೇಳುವವರು ನಾವು. ಕೂತು ಎಂದೆ ನೋಡಿ, ಸಾಹೇಬರು ಕೂತದ್ದನ್ನು ನಾನು ಕಂಡದ್ದೇ ಕಡಿಮೆ. ಪಾಳಿ ಮುಗಿಯುವ ತನಕ ಈ ಕಿಟಕಿಯಿಂದ ಆ ಕಿಟಕಿಗೆ ನಡೆಯುತ್ತಲೇ ಇರುತ್ತಿದ್ದರು. ಮೈಕು ಹಿಡಿಯುವ ಮೊದಲು ಕಿಸೆಯಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಿದ್ದರು. ಮೀಸೆಯನ್ನೂ. "ಯಾರ್ ನೋಡ್ತಾರ್ರಿ ಸಾಹೇಬ್ರ, ರೇಡಿಯೋ ಅಲ್ಲೇನು?" ಎಂದು ನಾನೊಮ್ಮೆ ಕಾಡಿಸಿದೆ. "ತಲಿ ಕೆದರಿ ಗಬಾಳ ಇದ್ದವನ ದನೀನೂ ಗಬಾಳ ಇರ್ತದ, ನೀ ಸುಮ್ಕಿರು" ಎಂದರು. ಮೀಸೆಗೆ ಕಪ್ಪು ಹಚ್ಚುತ್ತಿದ್ದರು. ಅದನ್ನು ಯಾರೂ ಆಡುವಂತಿರಲಿಲ್ಲ.

ನಾವಿಬ್ಬರೂ ಕೂಡಿ ಕೆಲಸ ಮಾಡಿದ ವಿಮಾನ ನಿಲ್ದಾಣ ಸೊಲ್ಲಾಪುರದ್ದಲ್ಲ. ಕಾರಿನಲ್ಲಿ ಹೋಗಿ ಬರಬಹುದಾದ ದೂರದ ಒಂದು ಸಣ್ಣ ನಿಲ್ದಾಣ. ಹೆಸರು ಬೇಡ, ಅಲ್ಲಿ ಈಗಲೂ ನಮ್ಮವರಿದ್ದಾರೆ. ವಾರವೆಲ್ಲ ಕ್ವಾರ್ಟರ್ಸಿನಲ್ಲಿದ್ದು ರಜೆ ಬಂದಾಗ ಅವರ ಗಾಡಿಯಲ್ಲಿ ಹೊರಡುತ್ತಿದ್ದೆವು. ಅವರು ಸೊಲ್ಲಾಪುರಕ್ಕೆ, ನಾನು ಅಲ್ಲಿಂದ ಬಸ್ಸು ಹಿಡಿದು ಅಕ್ಕಲಕೋಟಕ್ಕೆ. ಮನಸ್ಸು ಬಂದರೆ ಅಕ್ಕಲಕೋಟದ ತನಕ ತಾವೇ ಬಿಟ್ಟುಬರುತ್ತಿದ್ದರು. ನನ್ನ ಹೆಸರನ್ನು ಅವರು ಕರೆದದ್ದೇ ಇಲ್ಲ. "ಏ ಅಕ್ಕಲಕೋಟಿ!" ಎನ್ನುತ್ತಿದ್ದರು. ಅವರಿಗೆ ಎಲ್ಲರೂ ಒಂದೊಂದು ಊರು. ಸ್ಟೋರಿನವನು ಪಂಢರಪುರ, ಕಸ ಗುಡಿಸುವ ಹೆಂಗಸು ಬಾರ್ಶಿ. ಮೈಕಿನಲ್ಲಿ ಇಂಗ್ಲಿಷು, ಪೇಟೆಯಲ್ಲಿ ಮರಾಠಿ, ಬೈಯುವಾಗ ಮಾತ್ರ ಕನ್ನಡ. ಹಾಗಾಗಿ ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ಕನ್ನಡವೇ.

ಅವರದು ದಕ್ಷಿಣ ಸೊಲ್ಲಾಪುರದ ಕಡೆಯ ಹೊಲಮನೆಯವರ ವಂಶ, ದೊಡ್ಡ ಮನೆ. ನನ್ನಪ್ಪ ಸೊಲ್ಲಾಪುರದ ಹತ್ತಿರದ ಚಿಂಚೋಳಿ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಮಷೀನು ನಡೆಸಿದವನು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧ ಇದ್ದಾನೆ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಊಟದ ಹೊತ್ತಿಗೆ ಅವರು ಬಂದು, "ಡಬ್ಬ್ಯಾಗ ಏನೈತಿ?" ಎಂದು ಗುಡುಗಿದರು. ನಾನು ಹೆದರಿ ಮುಚ್ಚಳ ತೆಗೆದೆ. ಶೇಂಗಾ ಹಿಂಡಿಯನ್ನು, ಅದೇ ಚಟ್ನಿಪುಡಿಯನ್ನು, ಕಡಕ್ ರೊಟ್ಟಿಯ ಚೂರಿನಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡು, "ಬಳ್ಳೊಳ್ಳಿ ಕಮ್ಮಿ ಆಗೈತಿ, ಮನ್ಯಾಗ ಹೇಳು" ಎಂದು ನಡೆದುಬಿಟ್ಟರು. ಅಂದಿನಿಂದ ಅಮ್ಮ ಎರಡು ಡಬ್ಬಿ ಹಿಂಡಿ ಕಟ್ಟತೊಡಗಿದಳು. ನಮ್ಮಂಥವರ ಡಬ್ಬಿಗೆ ಕೈ ಹಾಕಿದ್ದನ್ನು ಸಾಹೇಬರು ದೊಡ್ಡ ಕೆಲಸವೆಂದು ಮಾಡಲಿಲ್ಲ, ಹಿಂಡಿ ಅವರಿಗೆ ಬೇಕಾಗಿತ್ತು. ನನಗೆ ಅವರು ಹಿಡಿಸಿದ್ದು ಅದಕ್ಕೇ.

ನಮ್ಮಲ್ಲಿಗೆ ಬರುವ ಮೊದಲು ಅವರು ಬಹಳ ವರ್ಷ ಒಂದು ಮಹಾನಗರದ ಆಕಾಶ ನೋಡಿಕೊಂಡವರು. ಅಲ್ಲಿ ಜೆಟ್ಟುಗಳ ದಾರಿಯ ಬುಡದಲ್ಲೇ ಹೆಲಿಕಾಪ್ಟರು, ಕ್ಲಬ್ಬಿನ ಪುಟ್ಟ ವಿಮಾನ, ಸಾಹುಕಾರರ ಖಾಸಗಿ ವಿಮಾನ ಎಲ್ಲ ಓಡಾಡುತ್ತಿದ್ದವು. ಆಕಾಶ ಅಷ್ಟು ದೊಡ್ಡದಿರುವಾಗ ಎರಡು ವಿಮಾನ ಡಿಕ್ಕಿ ಹೊಡೆಯುವುದು ಹೇಗೆ ಎಂದು ನನ್ನಪ್ಪ ಅವರನ್ನೊಮ್ಮೆ ಕೇಳಿದ. "ಆಕಾಶ ದೊಡ್ಡದೈತ್ರಿ, ಇಳಿಯೂ ಜಾಗಾ ಸಣ್ಣದು. ಎಲ್ಲಾರೂ ಅಲ್ಲಿಗೇ ಬರ್ತಾರ" ಎಂದರು. ಅಪ್ಪ ಇದನ್ನು ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ಅವರು ನಮಗೆ ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಮಾತಿದೆ. ನೀನು ಹಾರುತ್ತಿರುವಾಗ ದೂರದ ವಿಮಾನ ಗಾಜಿನ ಮೇಲೆ ಆ ಕಡೆಯೋ ಈ ಕಡೆಯೋ ಸರಿಯುತ್ತಿದ್ದರೆ ಅದು ನಿನ್ನನ್ನು ದಾಟಿ ಹೋಗುತ್ತದೆ. ಸರಿಯದೆ ಒಂದೇ ಕಡೆ ಚುಕ್ಕಿಯಂತೆ ನಿಂತಿದ್ದರೆ ಅದು ನಿನ್ನ ಕಡೆಗೇ ಬರುತ್ತಿದೆ. ನಮ್ಮ ಕಣ್ಣು ಅಲುಗಾಡುವುದನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಬಿಟ್ಟುಬಿಡುತ್ತದೆ. "ಅದಕ್ಕ ಕಾಣೂದಿಲ್ಲ ಅನ್ನೋದು ಕುರುಡರ ಮಾತಲ್ಲ. ಚೊಲೊ ಕಣ್ಣಿದ್ದವ್ರಿಗೂ ಕಾಣೂದಿಲ್ಲ" ಎನ್ನುತ್ತಿದ್ದರು. ದೊಡ್ಡ ವಿಮಾನದಲ್ಲಿ ಎಚ್ಚರಿಸುವ ಯಂತ್ರ ಇರುತ್ತದೆ, ನಿಜ. ಆದರೆ ಸಣ್ಣ ವಿಮಾನದ ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆ ಅದಕ್ಕೆ ಉತ್ತರ ಕೊಡುತ್ತಿದ್ದರೆ ಮಾತ್ರ ಅದು ಎಚ್ಚರಿಸೀತು. ಪೆಟ್ಟಿಗೆ ಕೆಟ್ಟಿದ್ದರೆ ಮುಗಿಯಿತು, ಮತ್ತೆ ಕಣ್ಣೇ ಗತಿ.

ಕುಂಭಾರಿಯ ಹತ್ತಿರ ಹೊಲದ ಕಡೆಯಿಂದ ಒಂದು ಮಣ್ಣು ದಾರಿ ಬಂದು ಅಕ್ಕಲಕೋಟ ರಸ್ತೆಗೆ ಸೇರುತ್ತದೆ. ಅಲ್ಲಿ ಸಾಹೇಬರು ಗಾಡಿಯ ವೇಗ ಇಳಿಸಿ, ಕಿಟಕಿ ಇಳಿಸಿ, ಎಡಕ್ಕೆ ನೋಡಿ ಮುಂದೆ ಹೋಗುತ್ತಿದ್ದರು. ಹಿಂದಿನ ಬಸ್ಸಿನವನು ಹಾರ್ನು ಹೊಡೆದು ಸಾಯುತ್ತಿದ್ದ. "ನಮ್ಮ ಏರೋಡ್ರೋಮು ಇದ ನೋಡು" ಎಂದರು ಒಮ್ಮೆ. "ಬಸ್ಸಿನವ ನೆಟ್ಟಗ ಬರ್ತಾನ, ಅಂವಗ ಬ್ರೇಕ್ ಸುಮಾರು. ಸೈಕಲ್ಲಿನವ ಮಣ್ಣ ದಾರ್ಯಾಗಿಂದ ತಿರುಗ್ತಾನ, ಅಂವಗ ಬಸ್ಸು ಇಷ್ಟು ಲಗು ಬರ್ತದಂತ ಅಂದಾಜಿಲ್ಲ. ಕೂಡೂದು ಈ ಮೂಲ್ಯಾಗ." ನಮ್ಮಲ್ಲಿ ಬಸ್ಸೆಂದರೆ ದಿನಕ್ಕೊಮ್ಮೆಯೋ ಎರಡು ಸಲವೋ ಬರುವ ಪ್ರಯಾಣಿಕರ ವಿಮಾನ. ಸೈಕಲ್ಲೆಂದರೆ ಪಕ್ಕದ ವಿಮಾನ ಕಲಿಸುವ ಕ್ಲಬ್ಬಿನ ಪುಟ್ಟ ವಿಮಾನಗಳು. ಅವು ರನ್‌ವೇಯನ್ನು ಸುತ್ತು ಹಾಕುತ್ತ, ಕೊನೆಯ ತಿರುವಿನಲ್ಲಿ ದೊಡ್ಡದು ಬರುವ ಅದೇ ಗೆರೆಗೆ ಬಂದು ಸೇರುತ್ತವೆ. ಆ ಮೂಲೆಯಲ್ಲಿ ಇಬ್ಬರನ್ನೂ ಕೂಡಗೊಡದಿರುವುದು ನಮ್ಮ ಕೆಲಸ. ರಾಡಾರು ನಮಗಿರಲಿಲ್ಲ. ಬೈನಾಕ್ಯುಲರ್, ರೇಡಿಯೋ, ಪೈಲಟ್ ಹೇಳಿದ ಮಾತು, ಇಷ್ಟೇ.

ಈ ಪೈಲಟ್ ಹೇಳುವ ಮಾತಿನ ಬಗ್ಗೆ ಸ್ವಲ್ಪ ವಿವರಿಸಬೇಕು. ದೊಡ್ಡ ವಿಮಾನ ಬರುವಾಗ ನಾವು ಸಣ್ಣದಕ್ಕೆ ಅದು ಯಾವ ದಿಕ್ಕಿನಲ್ಲಿದೆ ಎಂದು ತಿಳಿಸುತ್ತೇವೆ. ಕಂಡರೆ "ಟ್ರಾಫಿಕ್ ಇನ್ ಸೈಟ್" ಎನ್ನಬೇಕು, ಕಾಣದಿದ್ದರೆ "ನೆಗೆಟಿವ್" ಎನ್ನಬೇಕು. ಕಂಡಿತು ಎಂದವರಿಗೆ, ಸರಿ, ಅದು ದಾಟಿದ ಮೇಲೆ ಹಿಂದೆ ಬಾ ಎನ್ನುತ್ತೇವೆ. ಅಲ್ಲಿಂದ ಮುಂದೆ ಅದರಿಂದ ದೂರ ಇರುವ ಜವಾಬ್ದಾರಿ ಅವರದು. ಕಾಣಲಿಲ್ಲ ಎಂದವರನ್ನು ದೂರದಲ್ಲೇ ಸುತ್ತು ಹಾಕಿಸುತ್ತ ನಿಲ್ಲಿಸುತ್ತೇವೆ. ಕಾಣಲಿಲ್ಲ ಎನ್ನುವುದರಲ್ಲಿ ಅವಮಾನವೇನೂ ಇಲ್ಲ.

ಆದರೆ ನಮ್ಮ ಕಡೆಯವರಿಗೆ ಅದು ಬಾಯಿಗೆ ಬರಬೇಕಲ್ಲ! ನಮ್ಮಲ್ಲಿ ಹಿರಿಯರು ಏನು ಕೇಳಿದರೂ ಮೊದಲು ಹೂಂ, ವಿಚಾರ ಆಮೇಲೆ. ತಿಳೀತೇನು? ಹೂಂ. ಊಟ ಆತೇನು? ಹೂಂ. ಬಿದಿಗೆಯ ದಿನ ಮಾಳಿಗೆಯ ಮೇಲೆ ಅಜ್ಜ ಬೆರಳು ಮಾಡಿ ಚಂದ್ರನ ತೋರಿಸಿ, "ಕಾಣ್ತೇನು?" ಎಂದರೆ ಮನೆಮಂದಿಯೆಲ್ಲ ಹೂಂ ಎನ್ನುತ್ತಾರೆ, ಕಂಡವನು ಅಜ್ಜನೊಬ್ಬನೇ. ಒಂದು ಸಲ ಇಲ್ಲ ಎನ್ನಬಹುದು. ಅವರು ದನಿ ಏರಿಸಿ ಎರಡನೇ ಸಲ ಕೇಳಿದ ಮೇಲೂ ಇಲ್ಲ ಎಂದರೆ ಅದು ಉದ್ಧಟತನ. ಇದು ಯಾರೂ ಕಲಿಸಿ ಬಂದದ್ದಲ್ಲ, ನನಗೂ ಇದೆ.

ಸಲಗರ ಬುದ್ರುಕದ ಕಡೆಯ ಒಬ್ಬ ಹುಡುಗಿ ಕ್ಲಬ್ಬಿಗೆ ಸೇರಿದ್ದಳು. ಜೋಳ ಬೆಳೆಯುವ ಮನೆಯವಳು, ಆ ಸುತ್ತಿನಲ್ಲಿ ವಿಮಾನ ಕಲಿಯಲು ಹೊರಟ ಮೊದಲನೆಯವಳು. ಸಾಹೇಬರು ಅವಳನ್ನು ಸಲಗರ ಎಂದೇ ಕರೆಯುತ್ತಿದ್ದರು. ಟವರಿನ ಮೆಟ್ಟಿಲ ಬಳಿ ಎದುರಾದರೆ ಅವಳು ತಲೆಯ ಮೇಲೆ ಇಲ್ಲದ ಸೆರಗನ್ನು ಸರಿಮಾಡಿಕೊಳ್ಳುವವಳಂತೆ ಕೈ ಎತ್ತಿ ನಿಲ್ಲುತ್ತಿದ್ದಳು. ಅಂಥ ಮರ್ಯಾದೆಯ ಹುಡುಗಿ. ಆ ಹೊತ್ತಿಗೆ ಮೇಷ್ಟ್ರಿಲ್ಲದೆ ಒಬ್ಬಳೇ ಹಾರಾಡಲು ಶುರುಮಾಡಿದ್ದಳು.

ಒಂದು ಮುಂಜಾನೆ, ಬಿಸಿಲು ಏರಿದ ಮೇಲೆ, ಸಕ್ಕರೆ ಕಾರ್ಖಾನೆಯ ಹೊಗೆಯೂ ದೂಳೂ ಕೂಡಿ ಆಕಾಶ ಬೆಳ್ಳಗಾಗಿತ್ತು. ಸಲಗರದವಳು ಸುತ್ತು ಹಾಕುತ್ತಿದ್ದಳು. ಪ್ರಯಾಣಿಕರ ವಿಮಾನ ನೇರ ಇಳಿಯಲು ಬರುತ್ತಿತ್ತು. ಮೈಕು ಸಾಹೇಬರ ಕೈಯಲ್ಲಿ, ನಾನು ಪಕ್ಕದ ಮೇಜಿನಲ್ಲಿ. ದೊಡ್ಡದು ನಿನ್ನ ಎಡಮುಂದಕ್ಕಿದೆ, ಕಂಡರೆ ಹೇಳು ಎಂದು ರೇಡಿಯೋದ ಇಂಗ್ಲಿಷಿನಲ್ಲಿ ಹೇಳಿದರು. ಆ ಕಡೆಯಿಂದ ಮಾತಿಲ್ಲ. ಪಾಪ, ಹುಡುಕುತ್ತಿದ್ದಳು. ಸಾಹೇಬರಿಗೆ ಮೌನ ಆಗದು. "ಕನ್ಫರ್ಮ್ ಟ್ರಾಫಿಕ್ ಇನ್ ಸೈಟ್!" ಎಂದು ಗರ್ಜಿಸಿದರು. ಗಾಜು ನಡುಗಿತೇನೋ ಎನ್ನಿಸಿತು. ತಕ್ಷಣ ಉತ್ತರ ಬಂತು, "ಇನ್ ಸೈಟ್, ಸರ್."

ಸರಿ, ಹಿಂದೆ ಬಾ ಎಂದು ಹೇಳಿ ಮೈಕು ಇಟ್ಟವರು, ಕಿಟಕಿಗೆ ಹೋಗಿ ಬೈನಾಕ್ಯುಲರ್ ಎತ್ತಿದರು. "ಏ ಅಕ್ಕಲಕೋಟಿ, ಈಕಿ ತಿರುಗಾಕತ್ತಾಳ!" ಎಂದರು. ನಾನು ನೋಡಿದೆ. ಪುಟ್ಟ ವಿಮಾನದ ಎಡ ರೆಕ್ಕೆ ಬಾಗುತ್ತಿತ್ತು. ದೊಡ್ಡದು ಇನ್ನೂ ದಾಟಿರಲಿಲ್ಲ. "ಕಂಡಿದ್ರ ಹಿಂಗ ತಿರುಗ್ತಿದ್ದಿಲ್ಲ. ಕಂಡೇ ಇಲ್ಲ ಈಕಿಗಿ!" ಎನ್ನುತ್ತಲೇ ಮೈಕಿಗೆ ಹಾರಿ, ದೊಡ್ಡದಕ್ಕೆ ಇಳಿಯಬೇಡ, ಮೇಲೇರು ಎಂದರು. ಅದು ಗುಡುಗುತ್ತ ಮೇಲೆದ್ದಿತು. ಸಲಗರದವಳಿಗೆ ರೆಕ್ಕೆ ನೆಟ್ಟಗೆ ಮಾಡಿ ದೂರ ಹೋಗೆಂದರು. ಆಮೇಲೆ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಸಾಹೇಬರು ಅವತ್ತು ಮಾತ್ರ ಕುರ್ಚಿಯಲ್ಲಿ ಕೂತರು.

ಏನೂ ಆಗದಿದ್ದದ್ದೇ ತ್ರಾಸಾಯಿತು ನೋಡಿ. ಇಳಿಯುವ ವಿಮಾನ ಇದ್ದಕ್ಕಿದ್ದಂತೆ ಮೇಲೇರಿದರೆ ಒಳಗೆ ಕೂತವರು ದೇವರ ಹೆಸರು ಕೂಗುತ್ತಾರೆ. ಮರುದಿನ ಪೇಪರಿನಲ್ಲಿ ಟವರಿನ ಗೊಂದಲ ಎಂದು ಬಂತು. ಪ್ರಯಾಣಿಕರ ವಿಮಾನದ ಕ್ಯಾಪ್ಟನ್, ನನ್ನ ಎಚ್ಚರಿಕೆ ಯಂತ್ರ ಕೂಗಲೇ ಇಲ್ಲ, ಸುಮ್ಮನೆ ಏರಿಸಿದರು ಎಂದು ದೂರು ಕೊಟ್ಟ. ಆ ಪುಟ್ಟ ವಿಮಾನದ ಉತ್ತರಿಸುವ ಪೆಟ್ಟಿಗೆ ಅವತ್ತು ಕೆಲಸ ಮಾಡುತ್ತಿತ್ತೇ ಇಲ್ಲವೇ ಎಂಬುದೇ ಆಮೇಲೆ ಜಗಳವಾಯಿತು. ಕ್ಲಬ್ಬಿನವರು, ನಮ್ಮ ಹುಡುಗಿ ಕಂಡಿತು ಅಂದಿದ್ದಾಳೆ, ಟೇಪಿನಲ್ಲಿದೆ ಎಂದು ಹಟ ಹಿಡಿದರು. ಟೇಪಿನಲ್ಲಿ ಇತ್ತು. ನಿಯಮದ ಪ್ರಕಾರ ಅಲ್ಲಿಗೆ ಸಾಹೇಬರ ಕೆಲಸ ಮುಗಿದಿತ್ತು. ಅವಳ ರೆಕ್ಕೆ ಬಾಗಿದ್ದನ್ನು ನೋಡಿದವರು ನಾವಿಬ್ಬರೇ, ಅದೂ ದೂರದಿಂದ. ನನ್ನ ಮಾತಿಗೆ, ಅವರ ಕೈಕೆಳಗಿನವಳು ಮತ್ತೇನು ಹೇಳಿಯಾಳು ಎಂದರು. ಚೌಕಶಿ, ಅಂದರೆ ವಿಚಾರಣೆ, ಮುಗಿಯುವ ತನಕ ಸಾಹೇಬರನ್ನು ಮೈಕಿನಿಂದ ಇಳಿಸಿ ಕೆಳಗಿನ ಆಫೀಸಿನಲ್ಲಿ ಕೂರಿಸಿದರು.

ಅದು ಅವರ ನಿವೃತ್ತಿಯ ವರ್ಷ. ತಪ್ಪು ಅವರ ತಲೆಗೆ ಬಂದರೆ ಮತ್ತೆ ಟವರಿನ ಮೆಟ್ಟಿಲು ಹತ್ತದೆ ಮನೆಗೆ ಹೋಗಬೇಕು. ಹುಡುಗಿ ಸುಳ್ಳು ಹೇಳಿದ್ದೆ ಎಂದು ಒಪ್ಪಿದರೆ ಅವಳ ಲೈಸೆನ್ಸಿನ ಕನಸಿಗೆ ಕಲ್ಲು. ಇಬ್ಬರಲ್ಲಿ ಒಬ್ಬರಿಗೇ ಜಾಗ. ಗಾಡಿಯಲ್ಲಿ ಊರಿಗೆ ಬರುವಾಗ ಸಾಹೇಬರು ಮೊದಲ ಸಲ ಮೆತ್ತಗೆ ಮಾತಾಡಿದರು. "ನನಗ ಹೆದರಿಕಿ ಆಗೈತಿ. ಸುಳ್ಳ್ಯಾಕ ಹೇಳ್ಲಿ? ಜಿಂದಗಿ ಎಲ್ಲಾ ಮೈಕ್ ಹಿಡದು, ಕಡೀಕ ಫೈಲ್ ಹೊಂದಿಸಿ ಮನೀಗಿ ಹೋಗೂದಂದ್ರ ಎದೀ ಒಡೀತದ."

"ನಾ ಆ ಹುಡುಗೀಗಿ ಹೋಗಿ ಹೇಳ್ತೀನ್ರಿ. ಖರೇ ಏನೈತಿ ಅದನ್ನ ಹೇಳವ್ವಾ ಅಂತೀನಿ, ಅಷ್ಟ" ಎಂದೆ.

"ಹೋಗಬ್ಯಾಡ."

"ಯಾಕ್ರಿ? ತಪ್ಪು ಆಕೀದು. ನಿಮಗ್ಯಾಕ ಶಿಕ್ಷಾ?"

"ನೀ ಹೇಳಿದ್ರ ಆಕಿ ನಿನಗೂ ಹೂಂ ಅಂತಾಳ. ಕ್ಲಬ್ಬಿನವ್ರು ಹೇಳಿದ್ರ ಅವ್ರಿಗೂ ಹೂಂ ಅಂತಾಳ. ಆ ಹೂಂ ತಗೊಂಡು ನಾ ಏನ್ ಮಾಡ್ಲಿ?"

ನನಗೆ ರೇಗಿತು. ಹೊರಗೆ ನೋಡುತ್ತ ಕೂತೆ. ಕುಂಭಾರಿಯ ಆ ಮೂಲೆಯಲ್ಲಿ ಅವರು ಎಂದಿನಂತೆ ಗಾಡಿ ನಿಧಾನಿಸಿದರು. ಬೇಗ ಮನೆ ಸೇರಿಸಬಾರದೇ ಮಾರಾಯರು ಎಂದುಕೊಂಡೆ.

ಚೌಕಶಿಗೆ ಮೇಲಿನ ಆಫೀಸಿನಿಂದ ಮೂವರು ಬಂದರು. ಮೂವರಿಗೂ ಕನ್ನಡ ಬಾರದು, ಬೇಕಾದರೆ ತರ್ಜುಮೆ ಮಾಡಲು ನನ್ನನ್ನು ಕೂರಿಸಿದ್ದರು. ಮೊದಲು ಟೇಪು ಹಾಕಿದರು. ಸಾಹೇಬರ ದನಿ ಎಲ್ಲರೂ ಕೇಳಿದ್ದೇ, ಆದರೆ ಸಾಹೇಬರು ಅದನ್ನು ಆ ಕಡೆಯಿಂದ ಕೇಳಿದ್ದು ಅವತ್ತೇ ಇರಬೇಕು. ಮೊದಲ ಮಾತು, ಮೌನ, ಆಮೇಲೆ ಆ ಗರ್ಜನೆ, ಅದರ ಬೆನ್ನಿಗೇ ಹುಡುಗಿಯ "ಇನ್ ಸೈಟ್, ಸರ್". ಆ "ಸರ್" ಎನ್ನುವಾಗ ಅವಳ ದನಿ ನಡುಗಿತ್ತು. ನಾನು ಸಾಹೇಬರ ಮುಖ ನೋಡಿದೆ. ಇನ್ನೊಮ್ಮೆ ಹಾಕಲು ಹೇಳಿ, ಕಣ್ಣು ಮುಚ್ಚಿ ಕೇಳಿದರು.

ಅಧ್ಯಕ್ಷರೂ ದೊಡ್ಡ ದನಿಯವರೇ. ಹುಡುಗಿಯ ಕಡೆ ತಿರುಗಿ, "ನಿಮ್ಮದೇ ದನಿ ಇದೆ. ಕಂಡಿತ್ತು ತಾನೇ? ಹೌದೋ ಅಲ್ಲವೋ?" ಎಂದರು. ಅವಳು ಒಂದು ಸಲ ಕ್ಲಬ್ಬಿನವರನ್ನು, ಒಂದು ಸಲ ಸಾಹೇಬರನ್ನು ನೋಡಿದಳು. ಬಾಯಿ ತೆರೆದಳು. ಏನು ಬರುತ್ತದೆಂದು ನನಗೆ ಗೊತ್ತಿತ್ತು.

ಸಾಹೇಬರು ಎದ್ದು ನಿಂತರು. ಅಧ್ಯಕ್ಷರು ಬೇಡ ಎನ್ನುತ್ತಿದ್ದರೂ ಅವಳಿಗೆ ಕನ್ನಡದಲ್ಲೇ ಹೇಳಿದರು. ಅವರು ಅಷ್ಟು ಸಾವಕಾಶ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ತಂಗಿ, ಅವತ್ತ ನಾ ಕೇಳಿದ್ದು ಕೇಳೂ ರೀತಿ ಅಲ್ಲ. ಈಗ ಕೇಳಿಸಿಕೊಂಡ ಮ್ಯಾಲ ನನಗ ಗೊತ್ತಾತು. ನೀ ವಿಮಾನ ನೋಡಿ ಹೂಂ ಅಂದಿಲ್ಲ, ನನ್ನ ದನೀಗಿ ಹೂಂ ಅಂದಿ. ಈಗ ನನ್ನ ಮುಖಾ ನೋಡಬ್ಯಾಡ, ಇವ್ರ ಮುಖಾನೂ ನೋಡಬ್ಯಾಡ. ಕಂಡಿದ್ರ ಕಂಡಿತ್ತನ್ನು, ತಪ್ಪು ನಂದಾಗ್ಲಿ, ನಡೀತದ. ಇಲ್ಲಂದ್ರ ಇಲ್ಲನ್ನು. ಯಾರೂ ನಿನ್ನ ಗಡಬಡ ಮಾಡೂದಿಲ್ಲ."

ಅವಳು ಬಹಳ ಹೊತ್ತು ಮೇಜು ನೋಡುತ್ತ ಕೂತಳು. ಅಧ್ಯಕ್ಷರು ಏನೋ ಹೇಳಹೊರಟರು, ಸಾಹೇಬರು ಕೈ ಅಡ್ಡ ಹಿಡಿದರು. ಮೌನ ಆಗದ ಸಾಹೇಬರು ಆ ಮೌನವನ್ನು ತಡೆದುಕೊಂಡರು. "ಕಂಡಿದ್ದಿಲ್ರಿ" ಎಂದಳು ಹುಡುಗಿ. "ಹುಡುಕಾಕತ್ತಿದ್ದೆ. ನೀವು ಮತ್ತೊಮ್ಮೆ ಕೇಳಿದ್ರಿ, ಇಲ್ಲ ಅನ್ನಾಕ ಬಾಯಿ ಬರ್ಲಿಲ್ಲ." ಅಷ್ಟು ಹೇಳಿ ಅಳತೊಡಗಿದಳು. ತರ್ಜುಮೆ ಮಾಡಿದವಳು ನಾನು. ಮೂವರಲ್ಲಿ ಇಬ್ಬರಿಗೆ ಏನೂ ತಿಳಿಯಲಿಲ್ಲ. ಕಾಣದಿದ್ದರೆ ಕಾಣಲಿಲ್ಲ ಅನ್ನಬೇಕಲ್ಲ, ಇದರಲ್ಲಿ ಬಾಯಿ ಬರದಿರುವುದೇನು ಎಂದರು. ಮೂರನೆಯವರು ತೆಲುಗು ನಾಡಿನವರು, ಅವರು ತಲೆಯಾಡಿಸಿದರು.

ಹುಡುಗಿಯನ್ನು ಕೆಲವು ತಿಂಗಳು ಒಬ್ಬಳೇ ಹಾರಗೊಡಲಿಲ್ಲ, ಮೇಷ್ಟ್ರ ಪಕ್ಕದಲ್ಲಿ ಕೂತು ಮತ್ತೆ ಕಲಿಯಬೇಕಾಯಿತು. ಲೈಸೆನ್ಸು ತಪ್ಪಲಿಲ್ಲ. ಈಗ ಪ್ರಯಾಣಿಕರ ವಿಮಾನದ ಬಲಗಡೆಯ ಸೀಟಿನಲ್ಲಿ, ಸಹಪೈಲಟ್ಟಾಗಿ ಕೂರುತ್ತಾಳೆ. ಸಾಹೇಬರಿಗೂ ಒಂದು ಎಚ್ಚರಿಕೆ ಕೊಟ್ಟು, ಮೈಕು ತಿರುಗಿ ಕೊಟ್ಟರು.

ಮೈಕು ಸಿಕ್ಕ ವಾರವೇ ಅವರು ಕ್ಲಬ್ಬಿಗೆ ಹೋದರು, ಯಾರೂ ಕರೆಯದೆ. ಕಲಿಯುವವರನ್ನೆಲ್ಲ ಬಯಲಿನಲ್ಲಿ ನಿಲ್ಲಿಸಿ, ನೀರಿನ ಟಾಕಿಯ ಮೇಲೆ ಬೆರಳು ಮಾಡಿ, "ಅಲ್ಲೊಂದು ವಿಮಾನ ಬರಾಕತ್ತೈತಿ, ಕಾಣ್ತದೇನು?" ಎಂದು ಹಳೆಯ ದನಿಯಲ್ಲಿ ಗುಡುಗಿದರು. ಸಾಲಾಗಿ ಹೂಂ ಸರ್, ಹೂಂ ಸರ್. ಮರಾಠಿಯವರು ಹೋ ಸರ್. ಅಲ್ಲಿ ವಿಮಾನವೂ ಇರಲಿಲ್ಲ, ಕಾಗೆಯೂ ಇರಲಿಲ್ಲ. ನಾನು ನಕ್ಕುಬಿಟ್ಟೆ. ಸಾಹೇಬರು ನಗಲಿಲ್ಲ. "ನೋಡ್ರಿ, ಇದು ನಿಮ್ಮ ತಪ್ಪಲ್ಲ, ನಾ ಕೇಳಿದ್ದ ಹಂಗ" ಎಂದು ಅಲ್ಲೇ ಕಲ್ಲಿನ ಮೇಲೆ ಕೂತು, ಕಾಣಲಿಲ್ಲ ಎಂದು ಒಬ್ಬೊಬ್ಬರಿಂದ ದೊಡ್ಡ ದನಿಯಲ್ಲಿ ಹೇಳಿಸಿದರು.

ಅದಾದ ಮೇಲೆ ಅವರು ರೇಡಿಯೋದಲ್ಲಿ ಕೇಳುವ ರೀತಿಯೇ ಬೇರೆಯಾಯಿತು. ಕಂಡಿತೋ ಎಂದು ಒಂದೇ ಸಲ, ಮೆತ್ತಗೆ. ಉತ್ತರ ಬಾರದಿದ್ದರೆ ಮತ್ತೆ ಕೆಣಕದೆ, ಕಂಡಿಲ್ಲವೆಂದೇ ಹಿಡಿದು ಅವರನ್ನು ದೂರ ಸುತ್ತು ಹಾಕಿಸುತ್ತಿದ್ದರು. ಯಾರಾದರೂ ನೆಗೆಟಿವ್ ಎಂದರೆ ಥ್ಯಾಂಕ್ಯೂ ಎನ್ನುತ್ತಿದ್ದರು. ಮೊದಮೊದಲು ಪೈಲಟ್ಟುಗಳು ಇದು ಬೇರೆ ಯಾರೋ ಎಂದುಕೊಂಡರು. ಚಹಾ ಕೇಳುವಾಗ ಮಾತ್ರ ಆ ಹಳೆಯ ಗುಡುಗೇ ಇತ್ತು, ನಮಗೂ ಅದೇ ಬೇಕಾಗಿತ್ತು.

ನಿವೃತ್ತರಾದ ಮೇಲೆ ಅವರು ಊರಿಗೆ ಹೋಗಿ ಇರುತ್ತಾರೆಂದು ನಾವೆಲ್ಲ ತಿಳಿದಿದ್ದೆವು. ಹೊಲದಲ್ಲೊಂದು ಮನೆ ಕಟ್ಟಿಸುತ್ತೇನೆ ಎನ್ನುತ್ತಿದ್ದವರು ಹೋಗಲೇ ಇಲ್ಲ. ಸೊಲ್ಲಾಪುರದ ಮನೆಯಲ್ಲೇ ಇದ್ದು, ಅಲ್ಲೇ ತೀರಿಕೊಂಡರು. ಯಾಕೆಂದು ನಾನು ಕೇಳಿರಲಿಲ್ಲ.

ಸುದ್ದಿ ಬಂದ ಮೇಲೆ ಮನೆಯವರನ್ನು ಮಾತಾಡಿಸಲು ಹೋದಾಗ ಪಡಸಾಲೆಯ ತುಂಬ ನೆಂಟರು. ಅವರ ಹೆಂಡತಿಯನ್ನು ನಾನು ವೈನಿ ಎಂದು ಕರೆಯುತ್ತೇನೆ. ಮಾತು ಕಡಿಮೆ, ಸಾಹೇಬರ ಪಕ್ಕದಲ್ಲಿ ಅವರಿದ್ದದ್ದೇ ಗೊತ್ತಾಗುತ್ತಿರಲಿಲ್ಲ. ನನ್ನ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ನೀರು ಕೊಟ್ಟರು. ಮತ್ತೇನು ಮಾತಾಡುವುದೆಂದು ತಿಳಿಯದೆ ನಾನು, "ಸಾಹೇಬ್ರು ಊರಾಗ ಮನಿ ಕಟ್ಟಿಸ್ತೀನಂತಿದ್ರಲ್ರಿ ವೈನಿ" ಎಂದೆ.

"ಪಾಯಾ ತೆಗಿಸಿದ್ರವ್ವಾ" ಎಂದರು ವೈನಿ. "ಕಲ್ಲೂ ತರಿಸಿದ್ರು. ಅಷ್ಟರಾಗ ಆ ಚೌಕಶಿ ಬಂತು. ಅದು ಮುಗದ ದಿನ ಮನೀಗಿ ಬಂದ್ರು, ಚಹಾ ಕೊಟ್ರ ಕುಡೀಲಿಲ್ಲ. ಇಲ್ಲೇ ಬಂದು ಕೂತ್ರು, ಈ ಮಣೀ ಮ್ಯಾಲ. ಎಂದೂ ಅಡಗೀಮನಿಗಿ ಬಂದು ಕೂತವ್ರಲ್ಲ. 'ಊರಿಗಿ ಹೋಗಿ ಇರಾಕ ನಿನಗ ಮನಸೈತೇನು?' ಅಂದ್ರು, ಸಾವಕಾಶ. ನಾ ಗಾಬರ್ಯಾಗಿ ಜ್ವರ ಬಂದಾವೇನಂತ ಹಣಿ ಮುಟ್ಟಿ ನೋಡಿದೆ. 'ಮೊದ್ಲ ಕೇಳಿದಾಗ ಹೂಂ ಅಂದಿದ್ದಿ' ಅಂದ್ರು. 'ಅಂದಿದ್ದೆ' ಅಂದೆ. 'ಆ ಹೂಂ ಬಿಡು. ಈಗ ಹೇಳು' ಅಂದ್ರು."

"ನೀವೇನಂದ್ರಿ?"

"ಮನಸಿಲ್ಲ ಅಂದೆ. ಹೆಂಗ ಬಾಯಾಗ ಬಂತೋ ನನಗ ಗೊತ್ತಿಲ್ಲ. ಇಲ್ಲಿ ನಾಕು ಮಂದಿ ಗೆಳತ್ಯಾರದಾರ, ಸಂಜೀಗಿ ಕೂತು ಮಾತಾಡ್ತೀವಿ. ಅಲ್ಲಿ ಆ ಹೊಲದಾಗ ನಾ ಯಾರ ಮುಖಾ ನೋಡ್ಲಿ? ಅದನ್ನೂ ಅಂದೆ."

"ಸಿಟ್ಟಾದ್ರೇನ್ರಿ?"

"ಇಲ್ಲ. ಎದ್ದು ಕೈಕಾಲು ತೊಳಕೊಂಡ್ರು. ಮುಂದಿನ ಐತವಾರ ಊರಿಗಿ ಹೋಗಿ ಪಾಯಾ ಮುಚ್ಚಿಸಿ ಬಂದ್ರು. ಈಗಲ್ಲಿ ತೊಗರಿ ಬಿತ್ತ್ಯಾರ. ದುಃಖ ಭಾಳ ಆತು ಅವ್ರಿಗಿ, ನನಗ ಕಾಣ್ತಿತ್ತು. ಊಟಕ್ಕ ಕೂತ್ರ ರೊಟ್ಟಿ ಮುರದು ಕೈಯಾಗ ಹಂಗ ಹಿಡಕೊಂಡು ಕೂಡವ್ರು. ಮತ್ತೊಮ್ಮೆ ಕೇಳ್ತಾರ, ಕೇಳಿದ್ರ ನಾ ಹೂಂ ಅಂತೀನಿ ಅಂತ ಅಂಜಕೊಂಡ ಇದ್ದೆ. ಅನ್ನಾಕ ತಯಾರೂ ಆಗಿದ್ದೆ."

ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕೇಳ್ಲೇ ಇಲ್ಲ ನೋಡವ್ವಾ. ಸಾಯೂ ತನಕ ಎರಡನೇ ಸಲ ಕೇಳ್ಲಿಲ್ಲ."